ಸವೆದ ಬಾಡಿ

ಹಳೇ ಕ್ಯಾಮರಾ ಕೊಳ್ಳಲು ಬರುವವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ಶಟರ್ ಎಷ್ಟು ಓಡಿದೆ? ಮೈ ಎಷ್ಟೇ ಪಳಪಳ ಹೊಳೆಯಲಿ, ಒಳಗಿರುವ ಆ ತೆಳ್ಳನೆಯ ಪರದೆ ಎಷ್ಟು ಸಲ ತೆರೆದು ಮುಚ್ಚಿಕೊಂಡಿದೆ ಅನ್ನುವುದರ ಮೇಲೆ ಅದರ ಆಯಸ್ಸು. ಒಂದು ಫೋಟೊ ತೆಗೆದರೆ ಒಂದು ಸಲ ಸವೆಯಿತು ಅಂತಲೇ ಅರ್ಥ. ಆ ಲೆಕ್ಕವನ್ನು ಕ್ಯಾಮರಾ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ವೈರು ಚುಚ್ಚಿ ಕಂಪ್ಯೂಟರಿನಲ್ಲಿ ಕೇಳಿದರೆ ಹೇಳುತ್ತದೆ. ಸಂಖ್ಯೆ ಚಿಕ್ಕದಿದ್ದರೆ ಗಿರಾಕಿಗೆ ಖುಷಿ, ದೊಡ್ಡದಿದ್ದರೆ ಮೂಗು ಮುರಿದುಕೊಂಡು ಮುಂದಿನ ಅಂಗಡಿಗೆ ನಡೆಯುತ್ತಾನೆ. ಲೋಕವೆಲ್ಲ ಹೀಗಿರುವಾಗ ನಮ್ಮ ಜಿಪುಣಿಯದು ಮಾತ್ರ ತದ್ವಿರುದ್ಧ.

“ಇದೇ ಮಾಡೆಲ್ ಬೇಕು. ಅರವತ್ತೆರಡು ಸಾವಿರಕ್ಕಿಂತ ಜಾಸ್ತಿ ಓಡಿರಬೇಕು,” ಅಂದಿದ್ದಳು ಮೊದಲ ದಿನವೇ.

ಅಂಗಡಿಯವ ಕನ್ನಡಕವನ್ನು ಹಣೆಗೇರಿಸಿದ. “ಜಾಸ್ತಿ ಅಂದ್ರಾ, ಕಡಿಮೆ ಅಂದ್ರಾ?”

“ಜಾಸ್ತಿ. ಲಕ್ಷ ದಾಟಿದ್ರೆ ಇನ್ನೂ ಒಳ್ಳೇದು.”

“ಏನಮ್ಮಾ ಇದು! ಎಲ್ರೂ ಕಡಿಮೆ ಓಡಿದ್ದು ಕೊಡಿ ಅಂತ ನನ್ನ ಪ್ರಾಣ ತಿಂತಾರೆ. ನೀವು ಸವೆದಿದ್ದೇ ಬೇಕು ಅಂತೀರಿ. ತಲೆ ಸರಿ ಇದೆ ತಾನೇ?”

“ಸರಿ ಇದೆ. ಸಿಕ್ಕಿದ್ರೆ ಫೋನ್ ಮಾಡಿ.”

ಇವನನ್ನು ಅವಳು ಬೆನ್ನಹಿಂದೆ ಕರೆಯುತ್ತಿದ್ದದ್ದು ಸೆಕೆಂಡ್‌ಹ್ಯಾಂಡ್ ಮಾವ ಅಂತ. ಅವನ ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ಗಾಜಿನ ಬೀರುವಿನಲ್ಲಿ ಲೆನ್ಸ್ ಇಲ್ಲದ ಕ್ಯಾಮರಾಗಳು ಬಾಯಿಗೆ ಮುಚ್ಚಳ ಹಾಕಿಸಿಕೊಂಡು ಸಾಲಾಗಿ ಕೂತಿರುತ್ತಿದ್ದವು. ಅವನಿಗೊಂದು ಚಾಳಿ. ಯಾವ ಬಾಡಿ ಕೈಗೆ ಬಂದರೂ ಲೆನ್ಸ್ ಸಿಕ್ಕಿಸಿ ಮೂರು ಸಲ ಕ್ಲಿಕ್ ಹೊಡೆಯಲೇಬೇಕು: ಮೊದಲು ತಲೆಯ ಮೇಲಿನ ಫ್ಯಾನು, ಆಮೇಲೆ ಬಾಗಿಲಾಚೆಯ ಬೀದಿ, ಕೊನೆಗೆ ಅವನದೇ ಎಡಗೈ ಹೆಬ್ಬೆರಳು. ತಿರುಗುವುದು ಫೋಟೊದಲ್ಲಿ ನಿಂತ ಹಾಗೆ ಬರುತ್ತದಾ, ಬೆಳಕು ಸರಿ ಬರುತ್ತದಾ, ಹತ್ತಿರದ್ದು ಗೆರೆಗೆರೆಯಾಗಿ ಕಾಣುತ್ತದಾ, ಅಷ್ಟು ಗೊತ್ತಾದರೆ ಸಾಕು ಅನ್ನುತ್ತಿದ್ದ. “ನೋಡೋ ನೆಪದಲ್ಲೇ ಮೂರು ಸವೆಸ್ತೀರಲ್ಲ,” ಅಂತ ಜಿಪುಣಿ ರೇಗಿಸಿದರೆ, “ಅದು ನನ್ನ ಸುಂಕ ಕಣಮ್ಮಾ,” ಅಂತ ಹಲ್ಲು ಕಿರಿಯುತ್ತಿದ್ದ.

ಈ ಜಿಪುಣಿ ಅನ್ನುವ ಹೆಸರು ಇಟ್ಟವನು ಅವಳ ಅಣ್ಣ. ದುಡ್ಡಿನ ವಿಷಯಕ್ಕಲ್ಲ, ಪಾಪ, ಕೈ ಬಿಚ್ಚಿ ಖರ್ಚು ಮಾಡುವವಳೇ. ಶಟರಿನ ವಿಷಯಕ್ಕೆ. ಅಣ್ಣ ತಂಗಿ ಇಬ್ಬರೂ ಸೇರಿ ಮನೆಯ ಮುಂದಿನ ಕೋಣೆಯಲ್ಲಿ ಸ್ಟುಡಿಯೊ ನಡೆಸುತ್ತಿದ್ದರು. ಶಾಲೆಯ ಗುರುತಿನ ಚೀಟಿಯ ಫೋಟೊ, ಮದುವೆ, ಕೂಸಿನ ಫೋಟೊ, ಬಾಡಿಗೆಗೆ ಬಿಡುವ ಮನೆಗಳ ಫೋಟೊ, ಏನು ಬಂದರೆ ಅದು. ತಂಗಿ ಒಂದು ಮುಖಕ್ಕೆ ಒಂದೇ ಕ್ಲಿಕ್, ಬೇಕಾದರೆ ಇನ್ನೊಂದು, ಅಷ್ಟೇ. ಅಣ್ಣನಿಗೆ ಹಿಡಿತವೇ ಇರಲಿಲ್ಲ. ಊಟದ ತಟ್ಟೆ, ಮೆಟ್ಟಿಲ ಮೇಲೆ ಬಿದ್ದ ಬಿಸಿಲು, ಪಕ್ಕದ ಮನೆಯವರ ಬೆಕ್ಕು, ತಂಗಿ ಆಕಳಿಸಿದ್ದು, ಎಲ್ಲ ಬೇಕು. “ಶಟರ್ ಸವೆದು ಹೋಗುತ್ತೆ ಕಣೋ!” ಅಂತ ಇವಳು ಕೂಗಿದರೆ, “ಸವೆಯೋಕೇ ಅಲ್ವೇನೇ ಇರೋದು, ಜಿಪುಣಿ!” ಅಂತ ಅವಳ ಸಿಟ್ಟಿನ ಮುಖಕ್ಕೇ ಇನ್ನೊಂದು ಕ್ಲಿಕ್ ಹೊಡೆಯುತ್ತಿದ್ದ. ಅಮ್ಮನೂ ಕ್ರಮೇಣ ಮಗಳನ್ನು ಅದೇ ಹೆಸರಿನಿಂದ ಕರೆಯತೊಡಗಿದಳು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಪಕ್ಕದ ಊರಿನ ಕಾರ್ಖಾನೆಯೊಂದರ ಫೋಟೊ ತೆಗೆಯಬೇಕು ಅಂತ ಹೇಳಿ ಅಣ್ಣ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಹೊರಟ. ಸಂಜೆ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಕಾರ್ಖಾನೆಗೆ ಹೋಗಿ ವಿಚಾರಿಸಿದರೆ, ನಾವು ಯಾವ ಫೋಟೊದವರನ್ನೂ ಕರೆಸಿಲ್ಲ ಅಂದರು. ಸುಳ್ಳು ಹೇಳಿ ಹೋಗಿದ್ದ. ಅದಕ್ಕೂ ಮುಂಚಿನ ಕೆಲವು ತಿಂಗಳು ಅವನ ಮಾತು ಕಡಿಮೆಯಾಗಿತ್ತು, ಹೌದು. ಕೇಳಿದರೆ ಏನಿಲ್ಲ ಅನ್ನುತ್ತಿದ್ದ. ಆದರೆ ಕ್ಲಿಕ್ಕು ಕಡಿಮೆಯಾಗಿರಲಿಲ್ಲ. ಹೋಗುವ ಹಿಂದಿನ ಸಂಜೆ ಕೂಡ ಆ ದಿನದ ಫೋಟೊಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಮಲಗಿದ್ದ. ಅದರಲ್ಲಿ ಕೊನೆಯದು ಅಮ್ಮನದು. ಅಮ್ಮ ಕಾಳು ಬಿಡಿಸುತ್ತ ಕೂತಿದ್ದವಳು, “ಕೂದಲು ಕೆದರಿದೆ, ನನ್ನ ತೆಗೀಬೇಡ್ವೋ,” ಅಂತ ಕೈ ಅಡ್ಡ ಹಿಡಿದಿದ್ದಾಳೆ. ಚಿತ್ರದ ತುಂಬ ಅವಳ ಅಂಗೈ.

ಆ ಫೋಟೊದ ಒಳಗೆ ಅವಿತಿದ್ದ ಸಂಖ್ಯೆಯನ್ನು ಜಿಪುಣಿ ತೆಗೆದು ನೋಡಿದ್ದಳು. ಅರವತ್ತೆರಡು ಸಾವಿರದ ಮುನ್ನೂರ ಹದಿನಾಲ್ಕು. ಅಲ್ಲಿಯವರೆಗೆ ಅವನ ಕ್ಯಾಮರಾ ಅಷ್ಟು ಸಲ ತೆರೆದು ಮುಚ್ಚಿತ್ತು. ಅವಳ ಲೆಕ್ಕ ಸರಳ: ಎರಡು ದಿನ ಕ್ಲಿಕ್ ಹೊಡೆಯದೆ ಇರುವ ಮನುಷ್ಯನಲ್ಲ ಅವನು. ಎಲ್ಲಾದರೂ ಬದುಕಿದ್ದರೆ ಆ ಸಂಖ್ಯೆ ಬೆಳೆದಿರಲೇಬೇಕು. ದುಡ್ಡಿಗೆ ತೊಂದರೆಯಾಗಿ ಕ್ಯಾಮರಾ ಮಾರಿದ್ದರೆ ಇಂದಲ್ಲ ನಾಳೆ ಹಳೇ ಕ್ಯಾಮರಾ ಅಂಗಡಿಗೆ ಬರುತ್ತದೆ. ಬಂದಾಗ ಹೊಟ್ಟೆ ಬಗೆದು ನೋಡಿದರಾಯಿತು. ಎಪ್ಪತ್ತು ಸಾವಿರ ಇದ್ದರೆ ಇಷ್ಟು ದಿನ ಬದುಕಿದ, ಲಕ್ಷ ಇದ್ದರೆ ಇನ್ನೂ ಚೆನ್ನಾಗಿ ಬದುಕಿದ. ಅದಕ್ಕೇ ಸವೆದ ಬಾಡಿ ಬೇಕಿತ್ತು ಅವಳಿಗೆ. ಶಟರ್ ಸವೆಸಬೇಡ ಅಂತ ದಿನವಿಡೀ ಬಾಯಿ ಒಣಗಿಸಿಕೊಂಡವಳು, ಈಗ ದೇವರೇ ಸವೆಸಿರಲಿ, ಪೂರ್ತಿ ಸವೆಸಿರಲಿ ಅಂತ ಬೇಡಿಕೊಳ್ಳುತ್ತಿದ್ದಳು.

ಅಂಗಡಿಯವನಿಗೆ ಇದೇನೂ ಹೇಳಿರಲಿಲ್ಲ. ನಮ್ಮನೆಯ ಕ್ಯಾಮರಾ ಕಳೆದುಹೋಗಿದೆ ಅಂತ ಮಾತ್ರ ಹೇಳಿ ಗುರುತು ಕೊಟ್ಟಿದ್ದಳು: ಹಿಡಿಯ ರಬ್ಬರು ಒಂದು ಕಡೆ ಒಲೆಯ ಬಿಸಿಗೆ ಕರಗಿದೆ, ಬ್ಯಾಟರಿ ಬಾಗಿಲ ಮೇಲೆ ಉಗುರುಬಣ್ಣದ ಕೆಂಪು ಚುಕ್ಕೆ ಇದೆ. ಚುಕ್ಕೆ ಇಟ್ಟವಳು ಇವಳೇ. ಅಣ್ಣನದು ಯಾವುದು ತನ್ನದು ಯಾವುದು ತಿಳಿಯಲಿ ಅಂತ. ತನ್ನದಂತೂ ಇನ್ನೂ ಹಳೆಯದು, ಈಗ ಸಾಯಲು ಬಿದ್ದಿತ್ತು. ಹತ್ತು ಫೋಟೊ ತೆಗೆದರೆ ಎರಡರಲ್ಲಿ ಪರದೆ ಅರ್ಧಕ್ಕೇ ಸಿಕ್ಕಿಕೊಂಡು ಕೆಳಗಡೆ ಕಪ್ಪು ಪಟ್ಟಿ. ಶಾಲೆಯ ಮಕ್ಕಳಿಗೆ ಗದ್ದವೇ ಇಲ್ಲ ಅಂತ ಮಾಸ್ತರರು ಬೈದು ಕಳಿಸಿದ್ದರು. ಬೇರೆ ಬಾಡಿ ಕೊಳ್ಳಲೇಬೇಕಿತ್ತು, ಆದರೆ ಕಡಿಮೆ ಓಡಿದ ಒಳ್ಳೊಳ್ಳೆಯವನ್ನು ಅಂಗಡಿಯವ ಮುಂದಿಟ್ಟರೆ ಇವಳು ಕೈಯಲ್ಲೂ ಮುಟ್ಟುತ್ತಿರಲಿಲ್ಲ.

ಬಾಡಿ ಅನ್ನುವ ಮಾತಿನ ಬಗ್ಗೆ ಇಲ್ಲಿ ಹೇಳಲೇಬೇಕು. ಕ್ಯಾಮರಾ ಕೆಲಸದವರಿಗೆ ಲೆನ್ಸ್ ಬೇರೆ, ಲೆನ್ಸ್ ಬಿಚ್ಚಿದರೆ ಉಳಿಯುವ ಬಾಡಿ ಬೇರೆ. ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಮಾತು. ಆ ಮನೆಯಲ್ಲೂ ಹಾಗೇ ಇತ್ತು. ಆದರೆ ಅಣ್ಣ ಹೋದ ಮೇಲೆ ಎರಡು ಸಲ ಪೊಲೀಸರಿಂದ ಫೋನ್ ಬಂತು. ಬಾಡಿ ಸಿಕ್ಕಿದೆ, ವಯಸ್ಸು ಎತ್ತರ ಹೊಂದುತ್ತೆ, ಬಂದು ನೋಡಿ. ಎರಡು ಸಲವೂ ಅಮ್ಮನೇ ಮುಂದೆ ಹೋಗಿ ಬಟ್ಟೆ ಸರಿಸಿ ನೋಡಿ, ಅಲ್ಲ ಅಂದು ಬಂದಳು. ಎರಡನೇ ಸಲ ಬಂದವಳು ಬಚ್ಚಲಿಗೆ ಹೋಗಿ ಬಹಳ ಹೊತ್ತು ಬಾಗಿಲು ತೆಗೆಯಲಿಲ್ಲ. ಅವತ್ತಿನಿಂದ ಜಿಪುಣಿ ಮನೆಯಲ್ಲಿ ಆ ಮಾತು ಬಿಟ್ಟಳು. ಬಾಡಿ ಅನ್ನುವ ಬದಲು ಡಬ್ಬ ಅನ್ನತೊಡಗಿದಳು. ಆದರೆ ಅಂಗಡಿಯವನಿಗೆ ಡಬ್ಬ ಅನ್ನಿ ಅಂತ ಹೇಳಬೇಕು ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಯಾರಿಗೆ ತಾನೇ ಹೊಳೆಯುತ್ತೆ, ಹೇಳಿ.

ಆ ದಿನ ಶಾಲೆಯ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಫೋನನ್ನು ಚಾರ್ಜಿಗೆ ಹಾಕಿದವಳು ಅಲ್ಲೇ ಮರೆತು ಹೋದಳು. ಮಧ್ಯಾಹ್ನ ಕಳೆದು ಮನೆಗೆ ಬಂದರೆ ಅಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಕಾಲಿಗೆ ಚಪ್ಪಲಿ, ತೊಡೆಯ ಮೇಲೆ ಬಟ್ಟೆಯ ಚೀಲ. ತಲೆ ನೀಟಾಗಿ ಬಾಚಿದೆ. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಇನ್ನೂ ಬೆಚ್ಚಗಿದೆ.

“ಬಂದ್ಯಾ? ಬಾ, ಹೊರಡೋಣ. ಬಾಡಿ ಸಿಕ್ಕಿದೆಯಂತೆ.”

ಜಿಪುಣಿಯ ಕ್ಯಾಮರಾ ಚೀಲ ಹೆಗಲಿಂದ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲೂ ಇಲ್ಲ. “ಯಾರು ಹೇಳಿದ್ದು?”

“ನಿನ್ನ ಫೋನಿಗೆ ಬಂದಿತ್ತು. ಗಂಡಸು. ಒಳ್ಳೆಯವನು ಪಾಪ, ನಿಧಾನವಾಗಿ ಹೇಳಿದ. ನೀವು ಕೊಟ್ಟ ಗುರುತೆಲ್ಲ ಸರಿಹೋಗುತ್ತೆ, ಅದೇ ಅನ್ನೋದ್ರಲ್ಲಿ ಅನುಮಾನವೇ ಇಲ್ಲ ಅಂದ.” ಅಮ್ಮನ ದನಿ ಎಷ್ಟು ಶಾಂತವಾಗಿತ್ತು ಅಂದರೆ ಜಿಪುಣಿಗೆ ಭಯವಾಯಿತು. ಅಮ್ಮ ಚೀಲ ಬಿಡಿಸಿ ತೋರಿಸಿದಳು. ಅಣ್ಣನ ನೀಲಿ ಚೌಕಳಿ ಅಂಗಿ, ಮಡಿಕೆ ಮುರಿಯದ ಹಾಗೆ ಇಸ್ತ್ರಿ ಹಾಕಿದ್ದು. “ಕತ್ತಿನ ಗುಂಡಿ ಹೋಗಿತ್ತಲ್ಲ, ಹಾಕ್ಕೊಡು ಹಾಕ್ಕೊಡು ಅಂತಿದ್ದ. ಇವತ್ತು ಹಾಕಿದೆ. ಮೈಮೇಲೆ ಏನಿರುತ್ತೋ ಏನೋ, ಹಾಗೇ ಕರ್ಕೊಂಡು ಬರೋಕಾಗುತ್ತಾ?”

“ಅಮ್ಮಾ...”

“ನಿಜ ಹೇಳ್ಲಾ? ಫೋನ್ ಇಟ್ಟ ಮೇಲೆ ನಂಗೆ ಹಸಿವಾಯ್ತು ಕಣೇ. ಕೂತ್ಕೊಂಡು ಹೊಟ್ಟೆ ತುಂಬ ಊಟ ಮಾಡ್ದೆ. ಒಂದು ಕಡೆ ಮುಗೀತಲ್ಲ ಅನ್ನಿಸ್ತು. ನಡಿ, ಲೇಟ್ ಮಾಡ್ಬೇಡ. ಸಂಜೆ ಒಳಗೆ ಬರ್ಲಿಲ್ಲಾಂದ್ರೆ ಬೇರೆಯವ್ರಿಗೆ ಕೊಟ್ಬಿಡ್ತಾರಂತೆ.”

ಜಿಪುಣಿಯ ಕಿವಿ ನೆಟ್ಟಗಾಯಿತು. “ಬೇರೆಯವ್ರಿಗಾ?”

“ಹಾಗೇ ಅಂದ. ಕಂಡೀಷನ್ ಚೆನ್ನಾಗಿದೆ, ಕೇಳೋರು ಬೇಕಾದಷ್ಟು ಜನ ಇದ್ದಾರೆ ಅಂದ. ನಂಗೂ ಅರ್ಥ ಆಗ್ಲಿಲ್ಲ. ಯಾರು ಕೇಳ್ತಾರೆ, ಯಾಕೆ ಕೇಳ್ತಾರೆ?”

ಜಿಪುಣಿ ಓಡಿಹೋಗಿ ಫೋನ್ ನೋಡಿದಳು. ಸೆಕೆಂಡ್‌ಹ್ಯಾಂಡ್ ಮಾವ. ಅವಳ ಗಂಟಲಿಂದ ನಗು ಬಂದುಬಿಟ್ಟಿತು. ತಡೆಯಲು ಹೋದರೆ ಇನ್ನೂ ಜೋರಾಗಿ ಬಂತು, ಬರುಬರುತ್ತ ಅದು ಅಳುವೇ ಆಯಿತು. ಗೋಡೆ ಹಿಡಿದುಕೊಂಡು ಕೂತಳು.

“ಯಾಕೇ ನಗ್ತೀಯ? ಏನಾಯ್ತೇ?”

“ಅಮ್ಮಾ, ಅದು ಮನುಷ್ಯರ ಬಾಡಿ ಅಲ್ಲಮ್ಮ. ಕ್ಯಾಮರಾ ಬಾಡಿ. ಕ್ಯಾಮರಾ ಅಂಗಡಿಯವನು ಫೋನ್ ಮಾಡಿದ್ದು.”

ಅಮ್ಮ ಅಂಗಿಯನ್ನು ಮತ್ತೆ ಮಡಿಸತೊಡಗಿದಳು. ತೋಳು ಸರಿಯಾಗಿ ಕೂರಲಿಲ್ಲ, ಬಿಚ್ಚಿ ಇನ್ನೊಂದು ಸಲ ಮಡಿಸಿದಳು. ಮಧ್ಯಾಹ್ನ ತಾನು ಉಂಡದ್ದು ನೆನಪಾಗಿ ನಾಚಿಕೆಯಾದವಳ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಕ್ಯಾಮರಾ ಯಾರದ್ದು?” ಅಂತ ಕೇಳಿದಳು ಆಮೇಲೆ.

“ಅಣ್ಣಂದು.”

“ನಂಬರ್ ನೋಡಿದಾರಾ?”

ಅಮ್ಮನಿಗೂ ಆ ಸಂಖ್ಯೆ ಗೊತ್ತಿತ್ತು. ತನ್ನ ಫೋನ್ ನಂಬರನ್ನೇ ತಪ್ಪು ಹೇಳುವವಳು ಅದನ್ನು ಮಾತ್ರ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು.

“ಗೊತ್ತಿಲ್ಲ. ಹೋಗಿ ನೋಡ್ಬೇಕು. ನೀನು ಇರಮ್ಮ, ನಾನು...”

“ಚಪ್ಪಲಿ ಹಾಕ್ಕೊಂಡಿದೀನಲ್ಲ, ನಡಿ,” ಅಂದು ಅಮ್ಮ ಚೀಲ ಎತ್ತಿಕೊಂಡಳು.

ಅಂಗಡಿಯವ ಇವರನ್ನು ಕಂಡದ್ದೇ ಊರಗಲ ನಕ್ಕ. “ಬನ್ನಿ ಬನ್ನಿ! ಅಮ್ಮಾವ್ರೂ ಬಂದ್ರಾ? ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ? ಕೂತ್ಕೊಳ್ಳಿ.” ಸ್ಟೂಲು ಒರೆಸಿ ಕೊಟ್ಟ. ಬೀರುವಿನ ಕೆಳಖಾನೆಯಿಂದ ಹಳದಿ ಬಟ್ಟೆ ಸುತ್ತಿದ್ದ ಕ್ಯಾಮರಾ ತೆಗೆದು ಗಾಜಿನ ಮೇಲೆ ಇಟ್ಟು, ಬಟ್ಟೆ ಸರಿಸಿದ. ಅವನು ಬಟ್ಟೆ ಸರಿಸಿದ ರೀತಿಗೆ ಜಿಪುಣಿ ಕಣ್ಣು ಮುಚ್ಚಿಕೊಂಡಳು.

ಅಮ್ಮ ಮುಚ್ಚಲಿಲ್ಲ. ಕರಗಿದ ರಬ್ಬರಿನ ಮೇಲೆ ಬೆರಳಾಡಿಸಿದಳು. ತಿರುಗಿಸಿ ಕೆಂಪು ಚುಕ್ಕೆ ನೋಡಿದಳು. “ಇದೇ,” ಅಂದಳು. ಹಿಂದಿನ ಎರಡು ಸಲ ಅವಳು ಆಡದೆ ವಾಪಸು ತಂದಿದ್ದ ಮಾತು ಅದು.

“ಎಲ್ಲಿ ಸಿಕ್ತು ನಿಮಗೆ?” ಜಿಪುಣಿ ಕೇಳಿದಳು.

“ಬಸ್ ಡಿಪೊದಲ್ಲಿ ಯಾರೂ ಕೇಳದೆ ಉಳಿದ ಸಾಮಾನು ಹರಾಜು ಹಾಕ್ತಾರಲ್ಲ, ಕೊಡೆ, ಟಿಫಿನ್ ಡಬ್ಬಿ, ಚೀಲ ಎಲ್ಲ. ಒಬ್ಬ ಮೂಟೆಗಟ್ಟಲೆ ತರ್ತಾನೆ. ಅದರಲ್ಲಿ ಬಂತು.”

“ಯಾವ ಬಸ್ಸು? ಯಾವತ್ತಿಂದು?”

“ಅದೆಲ್ಲ ಯಾರು ಬರೆದಿಡ್ತಾರಮ್ಮಾ? ನಾನೂ ಕೇಳಿ ನೋಡ್ದೆ. ಬರೀ ಕ್ಯಾಮರಾ, ಒಳಗೆ ಮೆಮೊರಿ ಕಾರ್ಡೂ ಇರ್ಲಿಲ್ಲ.” ಅವನು ವೈರು ಹುಡುಕುತ್ತ ಮಾತಾಡುತ್ತಲೇ ಇದ್ದ. “ಆದ್ರೆ ಮಾಲು ಮಾತ್ರ ಚಿನ್ನದಂಥದ್ದು. ಎಷ್ಟು ವರ್ಷದ ಬಾಡಿ, ಶಟರ್ ನೋಡಿದ್ರೆ ಇನ್ನೂ ಅರ್ಧ ಆಯಸ್ಸಿದೆ. ನೀವು ಅಂದ ಹಾಗೆ ಲಕ್ಷ ಮುಟ್ಟಿಲ್ಲ, ಬೇಜಾರು ಮಾಡ್ಕೋಬೇಡಿ. ಅರವತ್ತೆರಡು ಸಾವಿರ ದಾಟಿದೆ, ಅಷ್ಟೇ.”

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಸಂಖ್ಯೆ ಮೂಡಿತು.

“ಓದೇ,” ಅಂದಳು ಅಮ್ಮ. “ಕನ್ನಡಕ ತಂದಿಲ್ಲ.”

“ಅರವತ್ತೆರಡು ಸಾವಿರದ... ಮುನ್ನೂರ ಹದಿನೇಳು.”

ಅಮ್ಮನ ತುಟಿ ಅಲುಗಾಡಿತು. ಕೈಬೆರಳು ಮಡಿಸಿ ಬಿಡಿಸಿದಳು. “ಹದಿನಾಲ್ಕಿತ್ತು. ಹದಿನೇಳಾಗಿದೆ. ಮೂರು ಜಾಸ್ತಿ! ಮೂರು ತೆಗ್ದಿದಾನೆ ಕಣೇ!” ಸ್ಟೂಲಿನಿಂದ ಎದ್ದೇಬಿಟ್ಟಳು. “ಮೂರಾದ್ರೂ ತೆಗ್ದಿದಾನೆ!”

ಜಿಪುಣಿಯೂ ಒಂದು ಉಸಿರಿನಷ್ಟು ಹೊತ್ತು ನಂಬಿದಳು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತ ಅಣ್ಣ, ಹೊರಗೆ ಏನನ್ನೋ ಕಂಡು ಕ್ಯಾಮರಾ ಎತ್ತಿದ ಅಣ್ಣ. ಸುಖವಾಯಿತು, ನಿಜವಾಗಿಯೂ ಸುಖವಾಯಿತು. ಆಮೇಲೆ ಮೇಲೆ ತಿರುಗುತ್ತಿದ್ದ ಫ್ಯಾನಿನ ಗಾಳಿ ಮುಖಕ್ಕೆ ತಾಗಿತು. ತಲೆ ಎತ್ತಿ ನೋಡಿದಳು. ಎಲ್ಲ ಅರ್ಥವಾಯಿತು. ಅಂಗಡಿಯವನ ಕಡೆ ನೋಡಿದರೆ, ಅವನು ಅಮ್ಮನ ಮುಖವನ್ನೂ ಅವಳ ಕೈಯಿಂದ ಜಾರುತ್ತಿದ್ದ ಚೀಲದಲ್ಲಿನ ಅಂಗಿಯನ್ನೂ ನೋಡುತ್ತ, ತೆರೆದ ಬಾಯಿ ತೆರೆದ ಹಾಗೇ ನಿಂತಿದ್ದ. ಫೋನಿನಲ್ಲಿ ತಾನು ಏನಂದೆ ಅನ್ನುವುದು ಆಗ ಅವನ ತಲೆಗೆ ಹೋಗುತ್ತಿತ್ತು.

“ತೋರ್ಸಪ್ಪ, ಆ ಮೂರು ತೋರ್ಸು,” ಅಮ್ಮ ಅವಸರ ಮಾಡಿದಳು. “ಕಾರ್ಡ್ ಇದೆಯಲ್ಲ ಒಳಗೆ.”

“ಅಮ್ಮಾವ್ರೇ, ಅದು...” ಅಂತ ಅವನು ಜಿಪುಣಿಯ ಕಡೆ ನೋಡಿದ. ಕಾರ್ಡು ಇರಲಿಲ್ಲ ಅಂತ ಅವನು ಆಗಲೇ ಹೇಳಿದ್ದು ಅಮ್ಮನ ಕಿವಿಗೆ ಬಿದ್ದಿರಲಿಲ್ಲ; ಕ್ಯಾಮರಾದಲ್ಲಿ ಈಗ ಇದ್ದದ್ದು ಅವನದೇ ಕಾರ್ಡು. ಜಿಪುಣಿ ತಾನೇ ಗುಂಡಿ ಒತ್ತಿ ಅಮ್ಮನ ಕೈಗೆ ಕೊಟ್ಟಳು.

ಅಮ್ಮ ಕ್ಯಾಮರಾವನ್ನು ಕಣ್ಣಿಗೆ ಹತ್ತಿರ ಹಿಡಿದಳು. “ಇದು ಫ್ಯಾನು. ಎಲ್ಲೋ ರೂಮ್ ಮಾಡ್ಕೊಂಡಿದ್ದ ಅನ್ಸುತ್ತೆ. ಸೆಖೆ ತಡ್ಕೊಳ್ಳೋಕಾಗಲ್ಲ ಅವನಿಗೆ.” ಜಿಪುಣಿ ಮುಂದಿನದು ಒತ್ತಿದಳು. “ಬೀದಿ. ಒಳ್ಳೇ ಬಿಸಿಲಿದೆ ನೋಡು. ಯಾವ ಊರೋ, ಸೈಕಲ್ಲು ನಿಂತಿದೆ.” ಆ ಸೈಕಲ್ಲು ಬಾಗಿಲಾಚೆ ಈಗಲೂ ಅಲ್ಲೇ ನಿಂತಿತ್ತು. ಅಮ್ಮ ಅತ್ತ ತಿರುಗಿರಲಿಲ್ಲ. ಜಿಪುಣಿ ಕೊನೆಯದು ಒತ್ತಿದಳು.

ಅಮ್ಮ ಅದನ್ನು ಬಹಳ ಹೊತ್ತು ನೋಡಿದಳು. ದೂರ ಹಿಡಿದು ನೋಡಿದಳು, ಮತ್ತೆ ಹತ್ತಿರ ಹಿಡಿದು ನೋಡಿದಳು.

“ಇದು ಅವನ ಬೆರಳಲ್ಲ,” ಅಂದಳು.

ಅಂಗಡಿಯವ ಎಡಗೈಯನ್ನು ಗಾಜಿನ ಮೇಲಿಂದ ಮೆಲ್ಲಗೆ ಕೆಳಗಿಳಿಸಿಕೊಂಡ. ಅಮ್ಮ ಅದನ್ನು ನೋಡಿದಳು. ಬಾಗಿಲಾಚೆ ನೋಡಿದಳು, ಸೈಕಲ್ಲು ಕಂಡಿತು. ಮೇಲೆ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಹಾಗಾದರೆ ಮನೆಯಿಂದ ಹೊರಟ ಮೇಲೆ ಅವನು ಒಂದೂ ತೆಗೆದಿಲ್ಲ. ದಾರಿಯಲ್ಲಿ ಒಂದು ಮರ ತೆಗೆದಿಲ್ಲ, ಬಸ್ಸು ತೆಗೆದಿಲ್ಲ, ಎದುರು ಕೂತವರ ಮುಖ ತೆಗೆದಿಲ್ಲ. ಊಟದ ತಟ್ಟೆಯನ್ನೂ ಬಿಡದವನು ಕ್ಯಾಮರಾವನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ಎಲ್ಲೋ ಒಂದು ಬಸ್ಸಿನ ಸೀಟಿನ ಮೇಲೆ ಇಟ್ಟು ಇಳಿದುಬಿಟ್ಟಿದ್ದ. ಜಿಪುಣಿಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಒಂದು ಕ್ಲಿಕ್ ಹೊಡೆಯಬಾರದಿತ್ತೇನೋ, ಒಂದೇ ಒಂದು, ನಾನು ಬೇಡ ಅಂತಿದ್ದೆನಾ ಅಂತ ಒಳಗೊಳಗೇ ಜಗಳವಾಡಿದಳು.

“ದುಡ್ಡಿನ ಮಾತು ಬೇಡ ಅಮ್ಮಾ. ತಗೊಂಡು ಹೋಗಿ. ನಂಗೆ ಗೊತ್ತಿರ್ಲಿಲ್ಲ, ಆಣೆಗೂ ಗೊತ್ತಿರ್ಲಿಲ್ಲ,” ಅಂದ ಅಂಗಡಿಯವ. ತನ್ನ ಕಾರ್ಡು ತೆಗೆದುಕೊಳ್ಳುವುದನ್ನೂ ಮರೆತ.

ಅಮ್ಮ ಚೀಲದಿಂದ ಅಂಗಿ ತೆಗೆದಳು. ಮಡಿಕೆ ಬಿಚ್ಚಿ ಗಾಜಿನ ಮೇಲೆ ಹಾಸಿದಳು. ಎದೆಯ ಭಾಗದಲ್ಲಿ ಕ್ಯಾಮರಾ ಇಟ್ಟು, ಅಂಗಿಯನ್ನು ಮುಚ್ಚಿ, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಬಂದಳು. ಕತ್ತಿನ ಹೊಸ ಗುಂಡಿ ಬಿಗಿಯಾಗಿತ್ತು, ಹಾಕಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎರಡೂ ತೋಳುಗಳನ್ನು ಸುತ್ತಿ ಚೀಲದೊಳಗೆ ಇಳಿಸಿದಳು.

ಬಸ್ಸಿಗೆ ಕಾಯುತ್ತ ನಿಂತಾಗ ಸಂಜೆಯಾಗುತ್ತಿತ್ತು. ಜಿಪುಣಿ ಚೀಲಕ್ಕೆ ಕೈ ಚಾಚಿದರೆ ಅಮ್ಮ ಕೊಡಲಿಲ್ಲ.

“ಅವನು ಹೋಗೋ ಹಿಂದಿನ ದಿನ ನಾನು ಕೈ ಅಡ್ಡ ಹಿಡಿದೆ ನೋಡು,” ಅಂದಳು, ಬಸ್ಸು ಬರುವ ಕಡೆಗೇ ನೋಡುತ್ತ. “ಪಾಪ ಅನ್ನಿಸ್ತು ಆಮೇಲೆ. ಅದಕ್ಕೇ ಅವತ್ತು ಬೆಳಿಗ್ಗೆ ಅವನು ಹೊರಡೋ ಹೊತ್ತಿಗೆ ತಲೆ ಬಾಚ್ಕೊಂಡು ಬಾಗಿಲಲ್ಲಿ ಬಂದು ನಿಂತಿದ್ದೆ. ತೆಗೀಲಿ ಅಂತ. ತಿರುಗಿ ನೋಡ್ದ. ಬರ್ತೀನಮ್ಮ ಅಂದ. ತೆಗೀಲೇ ಇಲ್ಲ ಕಣೇ.”

ಬಸ್ಸು ಬಂತು, ತುಂಬಿತ್ತು. ಅಮ್ಮ ಚೀಲವನ್ನು ಎದೆಗೆ ಅವಚಿಕೊಂಡು ಮೊದಲು ಹತ್ತಿದಳು.